ಬನಹಟ್ಟಿಯ ಮಗ್ಗದ ಮುರಿದ ಬ್ರಾಕೆಟ್: ಅಳತೆ, ಡ್ರಾಯಿಂಗ್, ಎರಕ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ಸೀರೆ ನೇಯುವ ಹಳೆಯ ವಿದ್ಯುತ್ ಮಗ್ಗವೊಂದರ ಬಾಟಮ್ ಶಾಫ್ಟನ್ನು ಹೊರುವ, ಬೀಡಿನ (ಎರಕದ ಕಬ್ಬಿಣದ) ಬ್ರಾಕೆಟ್ ಮುರಿದಿತ್ತು. ಆ ಮಾದರಿಯ ಮಗ್ಗದ ಬಿಡಿಭಾಗಗಳು ಅಂಗಡಿಗಳಲ್ಲಿ ಈಗ ಸಿಗುವುದಿಲ್ಲವಾದ್ದರಿಂದ, ಮುರಿದ ತುಂಡುಗಳನ್ನೇ ಅಳೆದು, ಮಾಡೆಲ್ ಕಟ್ಟಿ, ಡ್ರಾಯಿಂಗ್ ಬರೆದು, ಬೆಳಗಾವಿಯ ಉದ್ಯಮಬಾಗದಲ್ಲಿ ಹೊಸದನ್ನು ಎರಕ ಹೊಯ್ಯಿಸಿ ಮಗ್ಗಕ್ಕೆ ಕೂಡಿಸಿದೆವು. ಫೌಂಡ್ರಿಗಳಿಗೂ ಮಷಿನ್ ಶಾಪುಗಳಿಗೂ ಡ್ರಾಯಿಂಗ್ ಮಾಡಿಕೊಡುವುದು ನನ್ನ ವೃತ್ತಿ. ಎಲಿವೇಶನ್, ಪ್ಲಾನ್, ಸೆಕ್ಷನ್, ಡೇಟಮ್, ಟಾಲರನ್ಸ್, ಫಿಟ್, ಡ್ರಾಫ್ಟ್ ಎಂದು ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದುವ ಪದಗಳೆಲ್ಲ ನಾಲ್ಕೈದು ಕೆ.ಜಿ. ತೂಗುವ ಒಂದೇ ಭಾಗದಲ್ಲಿ ಒಟ್ಟಿಗೆ ಕೆಲಸಕ್ಕೆ ಬಂದವು. ಆದ್ದರಿಂದ ಕೆಲಸ ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಮುರಿದದ್ದು ಏನು, ಏಕೆ

ಮಗ್ಗದಲ್ಲಿ ಮೇಲೆ ಕ್ರ್ಯಾಂಕ್ ಶಾಫ್ಟ್, ಕೆಳಗೆ ಬಾಟಮ್ ಶಾಫ್ಟ್ ಇರುತ್ತವೆ. ಹಣಿಗೆಯನ್ನು ಹಿಂದೆ ಮುಂದೆ ತೂಗುವುದು ಮೇಲಿನದರ ಕೆಲಸ. ಲಾಳಿಯನ್ನು ಎಡಬಲದಿಂದ ಹೊಡೆಯುವ ಮತ್ತು ಹಾಸಿನ ಎಳೆಗಳನ್ನು ಮೇಲೆ ಕೆಳಗೆ ತೆರೆಯುವ ಟ್ಯಾಪೆಟ್ಟುಗಳನ್ನು ತಿರುಗಿಸುವುದು ಕೆಳಗಿನದರ ಕೆಲಸ. ಸಾದಾ ನೇಯ್ಗೆಯಲ್ಲಿ ಎರಡು ಹೊಕ್ಕಿಗೆ ಒಂದು ಆವರ್ತನೆ ಮುಗಿಯುವುದರಿಂದ, ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಬಂದಾಗ ಬಾಟಮ್ ಶಾಫ್ಟ್ ಒಂದು ಸುತ್ತು ಬರುವಂತೆ ಎರಡರ ನಡುವೆ ಗೇರುಗಳಿರುತ್ತವೆ. ಮುರಿದದ್ದು ಗೇರಿನ ಬದಿಯ ಬ್ರಾಕೆಟ್.

ಬ್ರಾಕೆಟ್ಟಿನ ಪಾದ ಮತ್ತು ನಡುವಿನ ಗೋಡೆ ಕೂಡುವ ಮೂಲೆಯಲ್ಲಿ ಬಿರುಕು ಹುಟ್ಟಿ ಬೋಲ್ಟಿನ ತೂತಿನವರೆಗೆ ಓಡಿತ್ತು. ಮುರಿದ ಮುಖವನ್ನು ಬೆಳಕಿಗೆ ಹಿಡಿದಾಗ ಎರಡು ಬಣ್ಣ ಸ್ಪಷ್ಟವಾಗಿ ಕಂಡವು: ಮೂಲೆಯ ಕಡೆಯ ಮೂರನೆಯ ಒಂದು ಭಾಗ ಎಣ್ಣೆ ಕುಡಿದು ಕಪ್ಪಾಗಿತ್ತು, ಉಳಿದದ್ದು ಹರಳು ಹರಳಾಗಿ ಹೊಸ ಬೂದು ಬಣ್ಣದಲ್ಲಿ ಮಿನುಗುತ್ತಿತ್ತು. ಅಂದರೆ ಬಿರುಕು ಬಹುಕಾಲದ ಹಿಂದೆಯೇ ಹುಟ್ಟಿ, ಎಣ್ಣೆ ಇಳಿಯುವಷ್ಟು ಬಾಯಿ ತೆರೆದಿದ್ದು, ಉಳಿದ ಭಾಗ ಒಮ್ಮೆಲೇ ಸೀಳಿದೆ. ಬೀಡು ಬಾಗಿ ಮುನ್ಸೂಚನೆ ಕೊಡುವ ಲೋಹವಲ್ಲ. ಖಡಕ್ ರೊಟ್ಟಿಯಂತೆ ಲಟಕ್ಕನೆ ಮುರಿಯುತ್ತದೆ. ಪಕ್ಕದಲ್ಲಿ ಹಳೆಯ ಬೆಸುಗೆಯ ಗೆರೆಯೂ ಇತ್ತು. ಮಗ್ಗದ ಒಡೆಯರಾದ ಹಿರಿಯ ನೇಕಾರರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ಅವರ ನಿಲುವು ಖಚಿತವಾಗಿತ್ತು: “ಮತ್ತ ಬೆಸಿಗಿ ಬ್ಯಾಡ್ರಿ ಸರ. ಹಾಕಸಿ ನೋಡೀನಿ, ಅದರ ಮಗ್ಗಲದಾಗ ಮತ್ತ ಮುರೀತೈತಿ. ಹೊಸಾದ ಮಾಡಸೂಣು, ಆದ್ರ ಹಳೇದಕ್ಕ ಹೊಂದಬೇಕು.” ಅವರು ಕಂಡದ್ದು ಸರಿಯೇ. ಭಾಗವನ್ನು ಮೊದಲೇ ಚೆನ್ನಾಗಿ ಕಾಯಿಸದೆ ಬೆಸುಗೆ ಹಾಕಿದರೆ ಬೆಸುಗೆಗೆ ತಾಗಿದ ಬೀಡು ಬೇಗನೆ ತಣಿದು ಗಡುಸಾಗುತ್ತದೆ, ಮುಂದಿನ ಬಿರುಕು ಅಲ್ಲಿಯೇ ಬೀಳುತ್ತದೆ.

ಅಳತೆ ತೆಗೆಯುವುದು

ಮೊದಲು ತುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸರ್ಫೇಸ್ ಪ್ಲೇಟಿನ ಮೇಲೆ ಜೋಡಿಸಿ ಬಿಗಿದೆವು. ವರ್ನಿಯರ್ ಹಿಡಿದ ಕೂಡಲೇ ಗೊತ್ತಾದ ಸಂಗತಿಯೆಂದರೆ ಈ ಮಗ್ಗ ಹುಟ್ಟಿದ್ದು ಇಂಚಿನಲ್ಲಿ ಎಂಬುದು. ಬೋಲ್ಟ್ ತೂತುಗಳ ಅಂತರ 139.7 ಮಿ.ಮೀ., ಅಂದರೆ ಐದೂವರೆ ಇಂಚು. ಶಾಫ್ಟಿನ ಸವೆಯದ ತುದಿ 38.1 ಮಿ.ಮೀ., ಅಂದರೆ ಒಂದೂವರೆ ಇಂಚು. ಹಳೆಯ ಯಂತ್ರವನ್ನು ಅಳೆಯುವಾಗ ಮಿಲಿಮೀಟರಿನಲ್ಲಿ ವಿಚಿತ್ರವಾಗಿ ಕಾಣುವ ಸಂಖ್ಯೆಯನ್ನು 25.4ರಿಂದ ಭಾಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಕಾಲು ಇಂಚು, ಅರ್ಧ ಇಂಚು ಎಂದು ಸರಳ ಭಾಗ ಬಂದರೆ, ಮೂಲ ವಿನ್ಯಾಸಕಾರ ಬರೆದ ಅಳತೆ ಅದೇ ಎಂದು ನಂಬಬಹುದು. ವರ್ನಿಯರ್ ತೋರಿಸುವ ಹೆಚ್ಚುಕಡಿಮೆ ಎರಕದ್ದೋ ಸವೆತದ್ದೋ ಆಗಿರುತ್ತದೆ.

ಬೋಲ್ಟುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕಾಯಿತು. ಮಿಸ್ತ್ರಿಗಳು ನಾಲ್ಕು ಸೂತಿನ ಬೋಲ್ಟ್ ಎನ್ನುವ ಈ ಅರ್ಧ ಇಂಚಿನ ಬೋಲ್ಟಿಗೆ ಥ್ರೆಡ್ ಗೇಜ್ ಹಿಡಿದಾಗ ಇಂಚಿಗೆ 12 ಥ್ರೆಡ್ ಬಂದವು, ಕೋನ 55 ಡಿಗ್ರಿ. ಇದು 1841ರಲ್ಲಿ ಜೋಸೆಫ್ ವಿಟ್ವರ್ತ್ ಮುಂದಿಟ್ಟ ಪದ್ಧತಿಯ ಥ್ರೆಡ್. ಇಂದಿನ ಎಂ12 ಬೋಲ್ಟಿನ ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ಅಂತರ, 1.75 ಮಿ.ಮೀ., ಕೋನ 60 ಡಿಗ್ರಿ. ಎಂ12ರ ಬೋಲ್ಟನ್ನು ಆ ತೂತಿನಲ್ಲಿ ಪಾನಾ ಹಾಕಿ ಒತ್ತಿ ತಿರುಗಿಸಿದರೆ ಒಂದೆರಡು ಸುತ್ತು ಹೋದಂತೆ ಮಾಡಿ ಮಗ್ಗದ ಚೌಕಟ್ಟಿನ ಥ್ರೆಡ್ಡನ್ನೇ ಕೆಡಿಸಿಬಿಡುತ್ತದೆ. ಚೌಕಟ್ಟು ಹೋದರೆ ಮಗ್ಗವೇ ಹೋದಂತೆ; ಆದ್ದರಿಂದ ಹಳೆಯ ಬೋಲ್ಟುಗಳನ್ನೇ ಉಳಿಸಿಕೊಂಡು, ಬ್ರಾಕೆಟ್ಟಿನ ತೂತನ್ನು 13.5 ಮಿ.ಮೀ. ಎಂದು ನಿರ್ಧರಿಸಿದೆವು.

ಕಷ್ಟದ ಅಳತೆ ಒಂದೇ: ಪಾದದ ತಳದಿಂದ ಬೋರಿನ (ಶಾಫ್ಟ್ ಕೂರುವ ತೂತಿನ) ಕೇಂದ್ರದವರೆಗಿನ ಎತ್ತರ. ಬೋರ್ ಅಂಡಾಕಾರವಾಗಿ ಸವೆದಿತ್ತು, ಅಡ್ಡಲಾಗಿ 38.4, ಮೇಲಿನಿಂದ ಕೆಳಕ್ಕೆ 39.0 ಮಿ.ಮೀ. ಶಾಫ್ಟಿನ ತೂಕವೂ ಮೇಲಿನ ಗೇರಿನ ಒತ್ತಡವೂ ಕೆಳಮುಖವಾಗಿ ಬೀಳುವುದರಿಂದ ಬೋರಿನ ತಳವೇ ತಿಂದುಹೋಗಿದೆ. ಆ ತಿಂದ ತಳದಲ್ಲಿ ಶಾಫ್ಟನ್ನು ಕೂಡಿಸಿ ಹೈಟ್ ಗೇಜಿನಿಂದ ಅಳೆದರೆ ಶಾಫ್ಟಿನ ಕೇಂದ್ರ 94.4 ಮಿ.ಮೀ. ಎತ್ತರಕ್ಕೆ ಬರುತ್ತದೆ. ಈ ಸಂಖ್ಯೆ ಸುಳ್ಳಲ್ಲ, ಆದರೆ ಡ್ರಾಯಿಂಗಿನಲ್ಲಿ ಬರೆಯತಕ್ಕದ್ದೂ ಅಲ್ಲ. ಅಳತೆ ತೆಗೆಯುವುದು ಬೇರೆ, ಅಳತೆ ಕೊಡುವುದು ಬೇರೆ. ಹಳೆಯ ಭಾಗವನ್ನು ಸ್ಕ್ಯಾನ್ ಮಾಡಿಸಿ ಹಾಗೆಯೇ ನಕಲು ಮಾಡಿದರೆ ಸಾಕು ಎನ್ನುವವರು ಈಗ ಹೆಚ್ಚುತ್ತಿದ್ದಾರೆ; ಹಾಗೆ ಮಾಡಿದರೆ ಇಷ್ಟು ವರ್ಷಗಳ ಸವೆತವೂ ಹೊಸ ಭಾಗದಲ್ಲಿ ಅಚ್ಚಾಗಿ ಬರುತ್ತದೆ.

ಸರಿಯಾದ ಎತ್ತರವನ್ನು ಬ್ರಾಕೆಟ್ಟಿನಿಂದಲ್ಲ, ಗೇರುಗಳಿಂದ ಕಂಡುಹಿಡಿಯಬೇಕಾಯಿತು. ಮೇಲಿನ ಗೇರಿಗೆ 36 ಹಲ್ಲು, ಕೆಳಗಿನದಕ್ಕೆ 72. ಮೇಲಿನ ಗೇರಿನ ಹೊರವ್ಯಾಸ 160.6 ಮಿ.ಮೀ., ಅಂದರೆ ಹೆಚ್ಚುಕಡಿಮೆ 6.32 ಇಂಚು. ಹಲ್ಲುಗಳ ಸಂಖ್ಯೆಗೆ ಎರಡು ಕೂಡಿಸಿ ಹೊರವ್ಯಾಸದ ಇಂಚುಗಳಿಂದ ಭಾಗಿಸಿದರೆ ಡಯಾಮೆಟ್ರಲ್ ಪಿಚ್, ಅಂದರೆ ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು ಎಂಬ ಸಂಖ್ಯೆ, ಬರುತ್ತದೆ, 38ನ್ನು 6.32ರಿಂದ ಭಾಗಿಸಿದಾಗ 6.01 ಬಂತು, ಆದ್ದರಿಂದ ಪಿಚ್ 6. ಹಲ್ಲಿನ ಗಾತ್ರವನ್ನು ಮಿಲಿಮೀಟರಿನಲ್ಲಿ ಹೇಳುವ ಮಾಡ್ಯೂಲ್ ಲೆಕ್ಕದಲ್ಲಿ ಇದು 4.233 ಆಗುವುದರಿಂದ, ಪೇಟೆಯಲ್ಲಿ ಸಿಗುವ 4 ಅಥವಾ 4.5 ಮಾಡ್ಯೂಲಿನ ಗೇರು ಇದಕ್ಕೆ ಕೂಡುವುದಿಲ್ಲ ಎಂಬುದನ್ನೂ ಕಾಕಾ ಅವರಿಗೆ ಬರೆದುಕೊಟ್ಟೆ. ಎರಡೂ ಗೇರುಗಳ ಹಲ್ಲುಗಳನ್ನು ಕೂಡಿಸಿ, ಪಿಚ್ಚಿನ ಎರಡರಷ್ಟರಿಂದ ಭಾಗಿಸಿದರೆ ಕೇಂದ್ರಗಳ ಅಂತರ: 108ನ್ನು 12ರಿಂದ ಭಾಗಿಸಿದರೆ ಸರಿಯಾಗಿ 9 ಇಂಚು, ಅಂದರೆ 228.6 ಮಿ.ಮೀ.

ಇನ್ನು ಮಗ್ಗದ ಮೇಲಿನ ಸ್ಥಿತಿ. ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳನ್ನು ಈಚೆಗೆ ಬದಲಿಸಿದ್ದರಿಂದ ಅದನ್ನು ನಂಬಬಹುದಿತ್ತು. ಬ್ರಾಕೆಟ್ ಕೂಡುವ ಚೌಕಟ್ಟಿನ ಮೆಟ್ಟಿಲಿನಿಂದ ಕ್ರ್ಯಾಂಕ್ ಶಾಫ್ಟಿನ ಕೆಳಮೈವರೆಗೆ ಇನ್‌ಸೈಡ್ ಮೈಕ್ರೋಮೀಟರ್ ಹಿಡಿದಾಗ 304.7 ಮಿ.ಮೀ. ಬಂತು. ಅದಕ್ಕೆ ಶಾಫ್ಟಿನ ಅರ್ಧವ್ಯಾಸ 19.03 ಕೂಡಿಸಿದರೆ ಮೆಟ್ಟಿಲಿನಿಂದ ಮೇಲಿನ ಕೇಂದ್ರಕ್ಕೆ 323.73. ಇದರಲ್ಲಿ 94.4 ಕಳೆದರೆ ಗೇರುಗಳ ಅಂತರ ಸುಮಾರು 229.3 ಆಗಿತ್ತೆಂದು ತಿಳಿಯುತ್ತದೆ. ಇರಬೇಕಾದುದಕ್ಕಿಂತ ಮುಕ್ಕಾಲು ಮಿಲಿಮೀಟರ್ ದೂರ ಸರಿದ ಹಲ್ಲುಗಳು ತುದಿಯ ಕಡೆಗೆ ಮಾತ್ರ ತಾಗುತ್ತ, ಲಾಳಿ ಹೊಡೆಯುವ ಪ್ರತಿ ಏಟಿಗೂ ಬ್ರಾಕೆಟ್ಟಿಗೆ ಪೆಟ್ಟು ಕೊಡುತ್ತಿದ್ದವು. ಹಳೆಯ ಬ್ರಾಕೆಟ್ ಮುರಿದುದಕ್ಕೆ ಚೂಪಾದ ಮೂಲೆ ಒಂದು ಕಾರಣವಾದರೆ, ಈ ಪೆಟ್ಟು ಇನ್ನೊಂದು.

ಅಳತೆ ಕೊಡುವುದು

ಲೆಕ್ಕದ ಪ್ರಕಾರ ಬೋರಿನ ಎತ್ತರ 95.1 ಮಿ.ಮೀ. ಹತ್ತಿರ ಇರಬೇಕು. ಆದರೆ ಚೌಕಟ್ಟಿನ ಮೇಲೆ ತೆಗೆದ ಅಳತೆಯಲ್ಲಿ ಹತ್ತನೆಯ ಒಂದು ಮಿಲಿಮೀಟರ್ ಆಚೀಚೆ ಇರುವುದು ಸಹಜ, ಗೇರುಗಳನ್ನು ತೀರ ಹತ್ತಿರ ತಂದರೆ ಹಲ್ಲುಗಳು ಬಿಗಿದು ಕಿರುಚುತ್ತವೆ. ಬೀಡಿನ ಪಾದದ ಕೆಳಗೆ ತಗಡಿನ ಶಿಮ್ ಹಾಕಿ ಎತ್ತರಿಸುವುದು ಸುಲಭ. ಎತ್ತರವಾದ ಪಾದವನ್ನು ಮತ್ತೆ ಮಷಿನ್‌ಗೆ ಕಟ್ಟಿ ಇಳಿಸುವುದು ಕಷ್ಟ. ಆದ್ದರಿಂದ ಎತ್ತರವನ್ನು ಬೇಕೆಂದೇ ಕಡಿಮೆ ಇಟ್ಟು 94.90 ± 0.05 ಎಂದು ಕೊಟ್ಟೆ, ಉಳಿದದ್ದನ್ನು ಶಿಮ್‌ಗಳಿಗೆ ಬಿಟ್ಟೆ. ಈ ಸಂಖ್ಯೆ ಹಳೆಯ ಬ್ರಾಕೆಟ್ಟಿನಲ್ಲಿಯೂ ಇಲ್ಲ, ಲೆಕ್ಕದಲ್ಲಿಯೂ ನೇರವಾಗಿ ಬರುವುದಿಲ್ಲ. ಜೋಡಣೆ ಹೇಗೆ ನಡೆಯುತ್ತದೆ ಎಂಬುದನ್ನು ಮುಂಚೆಯೇ ಯೋಚಿಸಿದರೆ ಮಾತ್ರ ಬರುತ್ತದೆ.

ಹಳೆಯದರಲ್ಲಿ ಶಾಫ್ಟ್ ನೇರವಾಗಿ ಬೀಡಿನ ಮೇಲೆಯೇ ತಿರುಗುತ್ತಿತ್ತು. ಹೊಸದರಲ್ಲಿ ಗನ್‌ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಬುಶ್, ಅಂದರೆ ಶಾಫ್ಟ್ ಒಳಗೆ ತಿರುಗುವ ಕೊಳವೆ, ಕೂಡಿಸುವುದೆಂದು ನಿಶ್ಚಯಿಸಿದೆ. ಮುಂದೆ ಸವೆದರೆ ಬುಶ್ ಮಾತ್ರ ಬದಲಿಸಿದರಾಯಿತು. ಬುಶ್ಶಿನ ಹೊರವ್ಯಾಸ 50, ಅದನ್ನು ಹಿಡಿಯುವ ಬಾಸಿನ ಹೊರವ್ಯಾಸ 80, ಉದ್ದ 75. ಪಾದ 180 ಉದ್ದ, 75 ಅಗಲ. ದಪ್ಪ 14 ಇದ್ದದ್ದು 18 ಆಯಿತು. ಮುರಿದ ಮೂಲೆಗೆ 8 ಮಿ.ಮೀ. ತ್ರಿಜ್ಯದ ಫಿಲೆಟ್, ಅಂದರೆ ದುಂಡು ಮೂಲೆ, ಕೊಟ್ಟೆ. ಕಾಕಾ ಅವರಿಗೆ ಪಾದ ಒಂದು ಇಂಚು ದಪ್ಪ ಇರಲಿ ಎಂಬ ಆಸೆಯಿತ್ತು. ಆದರೆ ಎರಕದಲ್ಲಿ ಒಂದೆಡೆ ದಪ್ಪ, ಪಕ್ಕದಲ್ಲಿ ತೆಳುವಾದರೆ ದಪ್ಪ ಭಾಗ ನಿಧಾನವಾಗಿ ತಣಿದು ಒಳಗೆ ಪೊಳ್ಳು ಬೀಳುವ ಸಂಭವವಿದೆ. ದಪ್ಪಕ್ಕಿಂತ ದುಂಡು ಮೂಲೆಯೇ ಇಲ್ಲಿ ಹೆಚ್ಚು ಬಲ ಕೊಡುತ್ತದೆ ಎಂದು ಮುರಿದ ಮುಖವನ್ನೇ ತೋರಿಸಿ ಒಪ್ಪಿಸಬೇಕಾಯಿತು.

ಫಿಟ್‌ಗಳ, ಅಂದರೆ ಒಂದು ಭಾಗ ಇನ್ನೊಂದರಲ್ಲಿ ಎಷ್ಟು ಬಿಗಿಯಾಗಿ ಕೂರಬೇಕೆಂಬುದರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬ್ರಾಕೆಟ್ಟಿನ ಬೋರಿಗೆ 50 ಎಚ್7 (H7) ಎಂದು ಬರೆದರೆ ಬೋರ್ 50.000ರಿಂದ 50.025ರ ಒಳಗೆ ಇರಬೇಕು ಎಂದರ್ಥ. ಬುಶ್ಶಿನ ಹೊರಮೈಗೆ ಪಿ6 (p6) ಎಂದರೆ 50.026ರಿಂದ 50.042. ಹೀಗೆ ಯಾವ ಬೋರಿಗೆ ಯಾವ ಬುಶ್ ಬಂದರೂ ಬುಶ್ ಕನಿಷ್ಠ ಒಂದು ಮೈಕ್ರಾನ್, ಗರಿಷ್ಠ 42 ಮೈಕ್ರಾನ್ ದೊಡ್ಡದಾಗಿರುತ್ತದೆ. ಒತ್ತಿ ಕೂಡಿಸಿದರೆ ತಿರುಗದೆ ನಿಲ್ಲುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ತೂತಿನದು, ಸಣ್ಣಕ್ಷರ ಶಾಫ್ಟಿನದು (ಅಥವಾ ತೂತಿನೊಳಗೆ ಕೂರುವ ಭಾಗದ್ದು), ಅಂಕಿ ಎಷ್ಟು ನಿಖರ ಬೇಕೆಂಬುದರ ದರ್ಜೆ. ಬುಶ್ಶಿನ ಒಳವ್ಯಾಸವನ್ನು ಕೂಡಿಸುವ ಮೊದಲೇ ಮುಗಿಸಬಾರದು, ಏಕೆಂದರೆ ಒತ್ತಿದಾಗ ಅದು ಒಳಕ್ಕೆ ಕುಗ್ಗುತ್ತದೆ. ಶಾಫ್ಟ್ ಆ ಜಾಗದಲ್ಲಿ 38.03 ಉಳಿದಿತ್ತು. ಆದ್ದರಿಂದ “ಬುಶ್ ಕೂಡಿಸಿದ ಮೇಲೆ 38.1 ಎಚ್8ಗೆ ಬೋರ್ ಮಾಡುವುದು” ಎಂದು ಟಿಪ್ಪಣಿ ಬರೆದೆ, 38.100ರಿಂದ 38.139ರೊಳಗೆ ಬಂದರೆ ಎಣ್ಣೆಗೆ 0.07ರಿಂದ 0.11 ಮಿ.ಮೀ. ಜಾಗ ಸಿಗುತ್ತದೆ. ನಿಮಿಷಕ್ಕೆ ಅರುವತ್ತು ಸುತ್ತಿನ ಆಸುಪಾಸು ತಿರುಗುವ, ಕೈಯಿಂದ ಎಣ್ಣೆ ಬಿಡುವ ಶಾಫ್ಟಿಗೆ ಅದು ಹದವಾದ ಅಂತರ.

ಮಾಡೆಲ್ ಮತ್ತು ಡ್ರಾಯಿಂಗ್

ಮಾಡೆಲನ್ನು ಫ್ರೀಕ್ಯಾಡ್‌ನಲ್ಲಿ ಕಟ್ಟಿದೆ. ಇದು ಉಚಿತ ತಂತ್ರಾಂಶ. ಇಂಥ ಕೆಲಸಕ್ಕೆ ಧಾರಾಳವಾಗಿ ಸಾಕು. ಪಾದದ ಆಯತವನ್ನು ಸ್ಕೆಚ್ ಮಾಡಿ ಪ್ಯಾಡ್ (ಸ್ಕೆಚ್ಚಿಗೆ ದಪ್ಪ ಕೊಡುವ ಆಜ್ಞೆ), ಬಾಸಿನ ವೃತ್ತಕ್ಕೆ ಇನ್ನೊಂದು ಪ್ಯಾಡ್, ನಡುವೆ 18 ಮಿ.ಮೀ. ದಪ್ಪದ ಗೋಡೆ, ಅದಕ್ಕೆ ಅಡ್ಡಲಾಗಿ ಆನಿಕೆ ಕೊಡುವ ರಿಬ್, ಬೋರಿಗೆ ಪಾಕೆಟ್ (ಕೊರೆಯುವ ಆಜ್ಞೆ), ಎಲ್ಲಕ್ಕಿಂತ ಕೊನೆಗೆ ಫಿಲೆಟ್‌ಗಳು. ಸ್ಕೆಚ್ಚಿನ ಗೆರೆಗಳಿಗೆ ಅಳತೆ ಮತ್ತು ಸಂಬಂಧಗಳ ಕನ್‌ಸ್ಟ್ರೇಂಟ್‌ಗಳನ್ನು ಪೂರ್ತಿ ಕೊಟ್ಟಾಗ ಅವು ಹಸಿರು ಬಣ್ಣಕ್ಕೆ ತಿರುಗುತ್ತವೆ; ಹಸಿರಾಗದ ಸ್ಕೆಚ್ಚಿನ ಮೇಲೆ ಮುಂದಿನ ಹಂತ ಕಟ್ಟಬಾರದು. ಬೋರಿನ ಎತ್ತರದ ಅಳತೆಯನ್ನು ಪಾದದ ತಳದಿಂದಲೇ ಕೊಟ್ಟೆ, ಪಾದದ ಮೇಲ್ಮೈಯಿಂದಲ್ಲ. ಪಾದದ ದಪ್ಪವನ್ನು 14ರಿಂದ 18ಕ್ಕೆ ಏರಿಸಿದಾಗ ಬೋರ್ ಕದಲದೆ ನಿಂತದ್ದು ಇದರಿಂದಲೇ. ಮುಂದೆ ಅದೇ ತಳ ಡ್ರಾಯಿಂಗಿನಲ್ಲಿ ಡೇಟಮ್ (ಅಳತೆಗಳಿಗೆ ಆಧಾರವಾದ ಮುಖ) ಆಗುತ್ತದೆ, ಮಷಿನ್ ಶಾಪಿನಲ್ಲಿ ಮೊದಲು ಹೊಡೆಯುವ, ಅಂದರೆ ಕತ್ತರಿಸಿ ಸಮ ಮಾಡುವ, ಮುಖವೂ ಅದೇ ಆಗುತ್ತದೆ.

ಮಾಡೆಲಿನಿಂದ ಸಿಕ್ಕ ಗಾತ್ರ 610 ಘನ ಸೆಂ.ಮೀ. ಬೀಡಿನ ಸಾಂದ್ರತೆಯನ್ನು ಘನ ಸೆಂ.ಮೀ.ಗೆ 7.2 ಗ್ರಾಂ ಎಂದು ಹಿಡಿದರೆ ತೂಕ 4.4 ಕೆ.ಜಿ. ಫೌಂಡ್ರಿಯಲ್ಲಿ ದರ ಕಿಲೋ ಲೆಕ್ಕದಲ್ಲಿ ಇರುವುದರಿಂದ ಈ ಸಂಖ್ಯೆ ಮೊದಲೇ ಬೇಕು. ಪಾದದ ತಳದ ನೋಟವನ್ನು ಎ4 ಹಾಳೆಯ ಮೇಲೆ ಪೂರ್ಣ ಅಳತೆಯಲ್ಲಿ ಮುದ್ರಿಸಿ, ತೂತುಗಳನ್ನು ಕತ್ತರಿಸಿ, ಬನಹಟ್ಟಿಯಲ್ಲಿ ಚೌಕಟ್ಟಿನ ಮೇಲೆ ಇಟ್ಟು ನೋಡಿದೆವು. ಬೋಲ್ಟುಗಳು ಸಲೀಸಾಗಿ ಹಾದುಹೋದವು. ಪ್ರಿಂಟರುಗಳು ಹಾಳೆಗೆ ಹೊಂದಿಸುವ ನೆಪದಲ್ಲಿ ಚಿತ್ರವನ್ನು ಒಂದಿಷ್ಟು ಕುಗ್ಗಿಸಿಬಿಡುತ್ತವೆ. ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಮುದ್ರಿಸಿ ಸ್ಕೇಲಿನಿಂದ ಅಳೆಯದೆ ಇಂಥ ಕಾಗದವನ್ನು ನಂಬಬಾರದು.

ಡ್ರಾಯಿಂಗ್ ಎ3 ಹಾಳೆಯಲ್ಲಿ, 297 ಗುಣಿಸು 420 ಮಿ.ಮೀ., ಪೂರ್ಣ ಅಳತೆಯಲ್ಲಿ ಕೂತಿತು. ಶಾಫ್ಟಿನ ಅಕ್ಷದ ದಿಕ್ಕಿನಿಂದ ಕಾಣುವ, ಬೋರ್ ವೃತ್ತವಾಗಿ ತೋರುವ ನೋಟವನ್ನು ಎಲಿವೇಶನ್ ಮಾಡಿಕೊಂಡೆ. ಅದರ ಕೆಳಗೆ ಮೇಲ್ನೋಟವಾದ ಪ್ಲಾನ್, ಬಲಕ್ಕೆ ಎಡಬದಿಯ ನೋಟವನ್ನು ಸೆಕ್ಷನ್ ಮಾಡಿ, ಅಂದರೆ ಭಾಗವನ್ನು ಸೀಳಿದಂತೆ ತೋರಿಸಿ, ಬರೆದೆ. ಇದು ಫಸ್ಟ್ ಆಂಗಲ್ ಪದ್ಧತಿ. ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ನಮ್ಮ ಶಾಲಾಕಾಲೇಜುಗಳಿಗೆ ಹೇಳುವುದೂ ಇದನ್ನೇ. ಅಮೆರಿಕದಲ್ಲಿ ಥರ್ಡ್ ಆಂಗಲ್ ರೂಢಿ, ಅಲ್ಲಿ ಪ್ಲಾನ್ ಮೇಲೆ ಬರುತ್ತದೆ. ರಫ್ತಿನ ಕೆಲಸ ಮಾಡುವ ಶಾಪುಗಳಿಗೆ ಎರಡೂ ಬಗೆಯ ಡ್ರಾಯಿಂಗ್‌ಗಳು ಬರುತ್ತಿರುತ್ತವೆ. ಆದ್ದರಿಂದ ಟೈಟಲ್ ಬ್ಲಾಕಿನಲ್ಲಿ ಹಾಕುವ ತುಂಡು ಶಂಕುವಿನ ಸಣ್ಣ ಚಿಹ್ನೆ ಅಲಂಕಾರಕ್ಕಲ್ಲ. ಈ ಬ್ರಾಕೆಟ್ಟಿಗೆ ಒಂದು ಬದಿಯಲ್ಲಿ, ನಡುವಿನಿಂದ ಮುಂದಕ್ಕೆ ಸರಿದು, ಸ್ಪ್ರಿಂಗಿನ ಕೊಂಡಿ ಸಿಕ್ಕಿಸುವ ಕಿವಿಯೊಂದಿದೆ. ಕೆಳಗೆ ಬರೆದ ಮೇಲ್ನೋಟವನ್ನು ಯಾರಾದರೂ ತಳದಿಂದ ನೋಡಿದ್ದೆಂದು ಓದಿದರೆ ಕಿವಿ ಹಿಂಬದಿಗೆ ಸರಿಯುತ್ತದೆ, ಬಲಬದಿಗೆ ಬೇಕಾದ ಬ್ರಾಕೆಟ್ ಎಡಬದಿಯದಾಗಿ ಎರಕವಾಗುತ್ತದೆ. ತಂತ್ರಾಂಶದ ಸೆಟ್ಟಿಂಗಿನಲ್ಲಿ ಯಾವ ಆಂಗಲ್ ಇದೆಯೆಂಬುದನ್ನೂ ಮೊದಲ ನೋಟ ಇಡುವ ಮುನ್ನ ನೋಡಿಕೊಳ್ಳಬೇಕು.

ಸೆಕ್ಷನ್ ಅಕ್ಷದ ಮೂಲಕ ಹಾದುಹೋಗುತ್ತದೆ. ಕತ್ತರಿಸಿದ ಬಾಸ್, ಪಾದ ಮತ್ತು ಗೋಡೆಗೆ 45 ಡಿಗ್ರಿಯ ಹ್ಯಾಚಿಂಗ್ ಹಾಕಿ, ಉದ್ದಕ್ಕೆ ಸೀಳಿಹೋಗುವ ರಿಬ್ಬನ್ನು ಮಾತ್ರ ಖಾಲಿ ಬಿಟ್ಟೆ. ರಿಬ್ಬಿಗೂ ಗೆರೆ ಎಳೆದರೆ ಆ ಜಾಗವೆಲ್ಲ ಗಟ್ಟಿ ಬೀಡಿನ ತುಂಡಿನಂತೆ ಕಾಣುತ್ತದೆ, ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮಾಡುವವರು ಹಾಗೆಯೇ ಮಾಡುತ್ತಾರೆ. ಫ್ರೀಕ್ಯಾಡ್ ಇದನ್ನು ತಾನಾಗಿ ಮಾಡುವುದಿಲ್ಲವಾದ್ದರಿಂದ ಕೈಯಿಂದ ತಿದ್ದಬೇಕಾಯಿತು. ಕಾಣುವ ಅಂಚುಗಳಿಗೆ ದಪ್ಪ ಗೆರೆ, ಅಳತೆ ಮತ್ತು ಹ್ಯಾಚಿಂಗಿಗೆ ಅದರ ಅರ್ಧ ದಪ್ಪದ ಗೆರೆ, ಮರೆಯಾದ ಅಂಚಿಗೆ ತುಂಡು ಗೆರೆ, ಅಕ್ಷಕ್ಕೆ ಉದ್ದ ಗೆರೆ ಚುಕ್ಕಿ ಎಂಬುದನ್ನು ಯಾರೂ ಮರೆಯುವುದಿಲ್ಲ. ಅಳತೆಗಳನ್ನು ಮುಚ್ಚಿದ ಸರಪಳಿಯಾಗಿ ಬರೆಯಬಾರದು ಎಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ತೂತುಗಳ ಅಂತರ 139.7 ಮತ್ತು ಪಾದದ ಒಟ್ಟು ಉದ್ದ 180 ಎಂದ ಮೇಲೆ, ತುದಿಯಿಂದ ತೂತಿಗೆ 20.15 ಎಂದು ಮತ್ತೆ ಬರೆಯುವ ಅಗತ್ಯವಿಲ್ಲ. ಬರೆದರೆ ಮೂರರಲ್ಲಿ ಯಾವುದು ತಪ್ಪಬಹುದು ಎಂಬುದನ್ನು ಮಷಿನ್ ಮುಂದೆ ನಿಂತವರು ತೀರ್ಮಾನಿಸಬೇಕಾಗುತ್ತದೆ.

ತಳಕ್ಕೆ ಡೇಟಮ್ ಎ ಎಂದು ಹೆಸರಿಟ್ಟು, ಬೋರಿನ ಅಕ್ಷ ಅದಕ್ಕೆ 0.05ರೊಳಗೆ ಸಮಾಂತರವಾಗಿರಬೇಕೆಂದು ಬರೆದೆ. ತಳಕ್ಕೆ ಆರ್‌ಎ 3.2, ಬೋರಿಗೆ 1.6ರ ನುಣುಪು, ಮಿಕ್ಕದ್ದೆಲ್ಲ ಎರಕದ ಮೈ. ಟಾಲರನ್ಸ್ (ಬಿಡಬಹುದಾದ ಹೆಚ್ಚುಕಡಿಮೆ) ಬರೆಯದ ಮಷಿನ್ ಅಳತೆಗಳಿಗೆ ಭಾರತೀಯ ಮಾನಕ ಐಎಸ್ 2102ರ ಮಧ್ಯಮ ದರ್ಜೆ, ಅಂದರೆ 30ರಿಂದ 120 ಮಿ.ಮೀ. ವರೆಗಿನವಕ್ಕೆ ± 0.3. ಲೋಹ ಐಎಸ್ 210ರ ಎಫ್‌ಜಿ 200. ಆ 200 ಎಂಬುದು ಪರೀಕ್ಷಾ ಸಲಾಕೆ ಚದರ ಮಿಲಿಮೀಟರಿಗೆ ಕನಿಷ್ಠ ತಡೆಯಬೇಕಾದ ನ್ಯೂಟನ್‌ಗಳ ಸೆಳೆತ.

ಉದ್ಯಮಬಾಗದಲ್ಲಿ

ಪ್ಯಾಟರ್ನ್ ಮಾಡುವವರು ಡ್ರಾಯಿಂಗ್ ಬಿಚ್ಚಿದ ಕೂಡಲೇ ಕೇಳಿದ ಪ್ರಶ್ನೆ ಒಂದೇ: “ಇದು ಫಿನಿಶ್ ಅಳತಿ ಏನ್ರಿ ಸರ, ಶ್ರಿಂಕೇಜ್ ಹಿಡದೀರೇನ್ರಿ?” ಬಹಳ ಸರಿಯಾದ ಪ್ರಶ್ನೆ. ಬೂದು ಬೀಡು ತಣಿಯುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅದನ್ನು ಪ್ಯಾಟರ್ನ್‌ನಲ್ಲಿ ಕೂಡಿಸಬೇಕು. ಡ್ರಾಯಿಂಗ್ ಮಾಡಿದವರೂ ಕೂಡಿಸಿ ಪ್ಯಾಟರ್ನ್ ಮಾಡುವವರೂ ಕೂಡಿಸಿದರೆ ಭಾಗ ದೊಡ್ಡದಾಗುತ್ತದೆ, ಇಬ್ಬರೂ ಕೂಡಿಸದಿದ್ದರೆ ಸಣ್ಣದಾಗುತ್ತದೆ. ಹಾಳೆಯ ಮೇಲೆ “ಅಳತೆಗಳೆಲ್ಲ ಮಷಿನ್ ಆದ ಮೇಲಿನವು, ಶ್ರಿಂಕೇಜ್ ಸೇರಿಸಿಲ್ಲ” ಎಂಬ ಟಿಪ್ಪಣಿ ಇತ್ತು. ಅದನ್ನು ಬೆರಳಿಟ್ಟು ತೋರಿಸಿದೆ. ಅವರು ಶ್ರಿಂಕೇಜ್ ಸ್ಕೇಲನ್ನೇ ಹಿಡಿದು ಕೆಲಸ ಮಾಡುವುದರಿಂದ ಗುಣಾಕಾರದ ಗೋಜಿಲ್ಲ. ಆ ಸ್ಕೇಲಿನ ಮಿಲಿಮೀಟರ್‌ಗಳೇ ನೂರಕ್ಕೆ ಒಂದರಷ್ಟು ಉದ್ದವಾಗಿರುತ್ತವೆ. ತಳಕ್ಕೆ ಮತ್ತು ಬಾಸಿನ ಮುಖಗಳಿಗೆ 3 ಮಿ.ಮೀ. ಮಷಿನಿಂಗ್ ಅಲೋವೆನ್ಸ್. ಬೋರಿಗೆ 44ರ ಕೋರ್ (ತೂತು ಉಳಿಯಲು ಅಚ್ಚಿನೊಳಗೆ ಇಡುವ ತುಂಡು), ಏಕೆಂದರೆ ಅಚ್ಚಿನಲ್ಲಿ ಕೋರ್ ಒಂದು ಮಿಲಿಮೀಟರ್ ಸರಿದರೂ 50ಕ್ಕೆ ಬೋರ್ ಮಾಡುವಾಗ ಎರಕದ ಕಪ್ಪು ಮೈ ಉಳಿಯುವುದಿಲ್ಲ. ಮರಳಿನಿಂದ ಪ್ಯಾಟರ್ನ್ ಹರಿಯದೆ ಏಳಲು ಲಂಬ ಮುಖಗಳಿಗೆ ಒಂದೂವರೆ ಡಿಗ್ರಿ ಓರೆ, ಅಂದರೆ ಡ್ರಾಫ್ಟ್. ಪ್ಯಾಟರ್ನ್ ಎರಡು ಹೋಳಾಗುವ ಗೆರೆ ಬ್ರಾಕೆಟ್ಟಿನ ನಡುವಿನ ಲಂಬ ಸಮತಲದಲ್ಲಿ ಬಂದದ್ದರಿಂದ ಗೋಡೆ, ರಿಬ್ ಎರಡೂ ಸಲೀಸಾಗಿ ಎದ್ದವು. ಬೋಲ್ಟ್ ತೂತುಗಳಿಗೆ ಕೋರ್ ಹಾಕಲಿಲ್ಲ, ಅಷ್ಟು ಸಣ್ಣ ತೂತನ್ನು ಡ್ರಿಲ್ ಮಾಡುವುದೇ ಮೇಲು.

ಎರಕ ಬಂದ ಮೇಲೆ ಸುತ್ತಿಗೆಯಿಂದ ತಟ್ಟಿ ನಾದ ಕೇಳಿ, ಮರಳು ಕಚ್ಚಿದ ಜಾಗಗಳನ್ನು ನೋಡಿ, ಮಾರ್ಕಿಂಗಿಗೆ ತೆಗೆದುಕೊಂಡೆವು. ಒರಟು ಎರಕದ ಮೇಲೆ ಗೀಟು ಕಾಣುವುದಿಲ್ಲವಾದ್ದರಿಂದ ಸುಣ್ಣದ ನೀರು ಬಳಿದು ಒಣಗಿಸಿದರು. ಕೋರ್ ಬಿಟ್ಟ ತೂತಿನ ನಡುವೆ ಗಾಳಿಯ ಹೊರತು ಏನೂ ಇಲ್ಲ, ಕಂಪಾಸಿನ ಮುಳ್ಳು ಊರಲು ಜಾಗ ಬೇಕು. ಅದಕ್ಕೆ ಮರದ ತುಂಡೊಂದನ್ನು ತೂತಿಗೆ ಹೊಡೆದು, ಅದರ ನೆತ್ತಿಗೆ ಸಣ್ಣ ತಗಡು ಬಡಿದು, ತಗಡಿನ ಮೇಲೆ ಬಾಸಿನ ಹೊರಮೈಯಿಂದ ಕೇಂದ್ರ ಹಿಡಿದರು. ಅಲ್ಲಿಂದ ಹೈಟ್ ಗೇಜಿನಿಂದ ಕೆಳಗೆ ಬಂದು ತಳದಲ್ಲಿ ಎಷ್ಟು ಹೊಡೆಯಬೇಕೆಂಬ ಗೀಟು ಎಳೆದಾಗ ಎಲ್ಲ ಕಡೆಗೂ ಎರಡೂವರೆ ಮಿಲಿಮೀಟರ್‌ಗಿಂತ ಹೆಚ್ಚು ಲೋಹ ಸಿಕ್ಕಿತು. ಮೊದಲು ತಳ ಹೊಡೆದು, ಆ ತಳವನ್ನೇ ಲೇಥಿನ ಫೇಸ್ ಪ್ಲೇಟಿಗೆ ಕಟ್ಟಿದ ಆಂಗಲ್ ಪ್ಲೇಟಿನ ಮೇಲೆ ಕೂಡಿಸಿ ಬೋರ್ ಮಾಡಿದರು. ಬೋರ್ ಗೇಜಿನಲ್ಲಿ 50.014, ಬುಶ್ಶಿನ ಹೊರಮೈ 50.035. ಬುಶ್ ಒತ್ತಿದ ಮೇಲೆ, ಅದೇ ಕಟ್ಟಿನಲ್ಲಿ ಒಳವ್ಯಾಸವನ್ನು 38.12ಕ್ಕೆ ತಂದರು. ಕೇಂದ್ರದ ಎತ್ತರ 94.92.

ಮಗ್ಗದ ಮೇಲೆ

ಜೋಡಿಸುವಾಗ ಬ್ರಾಕೆಟ್ಟಿನ ಕೆಳಗೆ 0.1 ಮಿ.ಮೀ. ದಪ್ಪದ ಎರಡು ಶಿಮ್ ಇಟ್ಟೆವು. ಎತ್ತರ 95.12 ಆಯಿತು, ಶಾಫ್ಟ್ ಬುಶ್ಶಿನ ತಳದಲ್ಲಿ ಕೂರುವುದರಿಂದ ಬುಶ್ಶಿಗೂ ಶಾಫ್ಟಿಗೂ ನಡುವಿನ 0.09 ಅಂತರದ ಅರ್ಧ, 0.045, ಕಳೆದು, ಬಂದದ್ದನ್ನು 323.73ರಿಂದ ಕಳೆದರೆ ಗೇರುಗಳ ಕೇಂದ್ರಗಳ ನಡುವೆ ಸುಮಾರು 228.65. ಲೆಕ್ಕದ 228.6ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಇರುವುದೇ ಒಳ್ಳೆಯದು. ಹಲ್ಲುಗಳ ನಡುವೆ ಫೀಲರ್ ಗೇಜ್ ಹಾಕಿದಾಗ 0.25ರ ಎಲೆ ಹೋಯಿತು, 0.30ರದು ಹೋಗಲಿಲ್ಲ. ದೊಡ್ಡ ಗೇರನ್ನು ಕೈಯಿಂದ ಪೂರ್ತಿ ಸುತ್ತಿಸಿ ಎಲ್ಲೆಡೆಯೂ ನೋಡಿದೆವು, ಏಕೆಂದರೆ ಹಳೆಯ ಗೇರು ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಸವೆದಿರುತ್ತದೆ. ಎಲ್ಲಿ ಬಿಗಿಯೋ ಅಲ್ಲಿನ ಅಳತೆಯೇ ಲೆಕ್ಕಕ್ಕೆ.

ಆಚೆ ಬದಿಯ ಬ್ರಾಕೆಟ್ ಹಳೆಯದೇ ಇದೆ, ಅದರ ಬೋರ್ ಸುಮಾರು 0.3 ಮಿ.ಮೀ. ತಿಂದಿದೆ. ಎರಡೂ ಬ್ರಾಕೆಟ್‌ಗಳ ನಡುವೆ 1,500 ಮಿ.ಮೀ. ಅಂತರವಿರುವುದರಿಂದ, ಆ ಓರೆ 75 ಮಿ.ಮೀ. ಉದ್ದದ ಬುಶ್ಶಿನೊಳಗೆ 0.015ಕ್ಕಿಂತ ಹೆಚ್ಚಾಗುವುದಿಲ್ಲ, 0.09ರ ಅಂತರ ಇರುವಲ್ಲಿ ಅದು ಬಾಧಕವಲ್ಲ. ಮೋಟಾರ್ ಹಾಕಿದಾಗ ಗೇರಿನ ಖಟಖಟ ನಿಂತು, ಲಾಳಿಯ ಸದ್ದು ಮಾತ್ರ ಉಳಿಯಿತು. ಬುಶ್ ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಬಿಸಿ ಇರಲಿಲ್ಲ. ಒಂದು ಪಾಳಿ ನಡೆದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದೆವು. ಹಾಕಿದ ಶಿಮ್‌ಗಳ ದಪ್ಪವನ್ನು ಡ್ರಾಯಿಂಗಿನ ಪ್ರತಿಯೊಂದರ ಮೇಲೆ ಬರೆದು ಕಾಕಾ ಅವರ ಕಪಾಟಿನಲ್ಲಿ ಇಡಿಸಿದ್ದೇನೆ.

ಎಡಬದಿಯ ಬ್ರಾಕೆಟ್ಟಿನ ಡ್ರಾಯಿಂಗೂ ಈಗ ಸಿದ್ಧವಿದೆ. ಪ್ಯಾಟರ್ನ್ ಮಾಡಿಸುವಾಗಲೇ ಸ್ಪ್ರಿಂಗಿನ ಕಿವಿಯನ್ನು ಮೈಗೆ ಅಂಟಿಸದೆ, ಪಿನ್ನಿನಿಂದ ನಿಲ್ಲುವ ಬಿಡಿ ತುಂಡಾಗಿ ಮಾಡಿಸಿದ್ದೆವು. ಮಿಕ್ಕ ಆಕಾರ ಎರಡೂ ಬದಿಗೆ ಒಂದೇ ಆದುದರಿಂದ, ಕಿವಿಯನ್ನು ಇನ್ನೊಂದು ಜೊತೆ ಪಿನ್ ತೂತುಗಳಿಗೆ ಸರಿಸಿದರೆ ಅದೇ ಪ್ಯಾಟರ್ನ್, ಅದೇ ಕೋರ್ ಬಾಕ್ಸ್ ಎಡಬದಿಗೂ ನಡೆಯುತ್ತವೆ. ಮಾಡೆಲಿನಲ್ಲಿ ಮಿರರ್ ಒತ್ತಿದರೆ ಆಗುವ ಕೆಲಸವೇ ಇದು. ಆದರೆ ಹಾಳೆಗೆ ಬೇರೆ ಸಂಖ್ಯೆ ಕೊಟ್ಟು, ಭಾಗದ ಹೆಸರಿನಲ್ಲಿ “ಎಡ” ಎಂದು ಸೇರಿಸಿ, ಎಲ್ಲ ನೋಟಗಳನ್ನೂ ಹೊಸದಾಗಿ ಇಟ್ಟಿದ್ದೇನೆ. “ಬಲಬದಿಯದಕ್ಕೆ ವಿರುದ್ಧವಾಗಿ” ಎಂಬ ಒಂದು ಸಾಲಿನ ಟಿಪ್ಪಣಿಯನ್ನು ನಂಬಿ ಎರಕಕ್ಕೆ ಕೊಡುವ ರೂಢಿ ಹಲವೆಡೆ ಇದೆ, ನಾನು ಅದನ್ನು ಒಪ್ಪುವುದಿಲ್ಲ. ಗೇರು ಆ ಬದಿಯಲ್ಲಿ ಇಲ್ಲವಾದ್ದರಿಂದ ಎತ್ತರದ ಟಾಲರನ್ಸನ್ನು ± 0.1ಕ್ಕೆ ಸಡಿಲಿಸಿದ್ದೇನೆ, ಸೀರೆಯ ಹಂಗಾಮು ಇಳಿದು ಮಗ್ಗಕ್ಕೆ ಬಿಡುವು ಸಿಕ್ಕಾಗ ಅದನ್ನೂ ಎರಕಕ್ಕೆ ಕೊಡುವುದೆಂದು ಕಾಕಾ ಹೇಳಿದ್ದಾರೆ.